ಬಲಿಪೂಜೆಯ ದ್ರಾಕ್ಷಾರಸ ಮತ್ತು ಅದರ ಸಂರಕ್ಷಣೆ

ಪರಮಪ್ರಸಾದದ ದ್ರವ್ಯವನ್ನು ಕುರಿತು ನಮ್ಮ ಗುರುವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ರೊಟ್ಟಿಯ ವಿಷಯಕ್ಕೆ ಸಿಗುವಷ್ಟು ಸಮಯ ದ್ರಾಕ್ಷಾರಸಕ್ಕೆ ಸಿಗುವುದಿಲ್ಲ. ಸಿಕ್ಕಷ್ಟು ಸಮಯವೂ ಅದರ ತಯಾರಿಕೆಯ ಚರ್ಚೆಯಲ್ಲಿಯೇ ಮುಗಿಯುತ್ತದೆ. ಆದರೆ ಶುದ್ಧವಾಗಿ ತಯಾರಾದ ದ್ರಾಕ್ಷಾರಸವು ನಮ್ಮ ಪೂಜಾಸಾಮಗ್ರಿಗಳ ಕೋಣೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತು ಏನಾಗುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಗಂಭೀರವಾದುದು.

ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯು ದ್ರಾಕ್ಷಾರಸವು ದ್ರಾಕ್ಷಿಯ ಫಲದಿಂದ ಬಂದ ಸಹಜವಾದ ರಸವಾಗಿರಬೇಕು ಎಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಕೆಟ್ಟಿರಬಾರದು ಎಂದೂ ಸೇರಿಸುತ್ತದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು 323ನೆಯ ಸಂಖ್ಯೆಯಲ್ಲಿ ಇನ್ನೂ ಸ್ಪಷ್ಟವಾಗಿ, ದ್ರಾಕ್ಷಾರಸವು ಹುಳಿದ್ರವವಾಗಿ ಮಾರ್ಪಡದಂತೆ ಎಚ್ಚರ ವಹಿಸಬೇಕೆಂದು ಆದೇಶಿಸುತ್ತವೆ. ಹಾಗಾಗಿ ಸಂರಕ್ಷಣೆಯು ಮನೆವಾರ್ತೆಯ ಅಚ್ಚುಕಟ್ಟುತನ ಮಾತ್ರವಲ್ಲ, ಸಂಸ್ಕಾರದ ಸಿಂಧುತ್ವಕ್ಕೆ ಸಂಬಂಧಿಸಿದ ಕರ್ತವ್ಯ.

ಇಲ್ಲಿ ನಮ್ಮ ಭಾಷೆಯೇ ತಂದೊಡ್ಡುವ ಒಂದು ಗೊಂದಲವಿದೆ. ಕನ್ನಡದಲ್ಲಿ 'ದ್ರಾಕ್ಷಾರಸ' ಎಂದರೆ ಆಗತಾನೆ ಹಿಂಡಿದ ರಸವೂ ಆಗಬಹುದು, ಹುದುಗಿ ಮದ್ಯವಾದುದೂ ಆಗಬಹುದು. ನಮ್ಮ ಪೂಜಾವಿಧಿಯಲ್ಲಿ ಈ ಪದವು ಎರಡನೆಯ ಅರ್ಥದಲ್ಲಿದೆ. ಹುದುಗುವಿಕೆಯನ್ನು ತಡೆದ ರಸವನ್ನು, ಅಂದರೆ 'ಮುಸ್ತುಮ್' ಅನ್ನು, ಮದ್ಯ ಸೇವಿಸಲಾಗದ ಗುರುಗಳು ತಮ್ಮ ಧರ್ಮಾಧ್ಯಕ್ಷರ ಅನುಮತಿಯಿಂದ ಮಾತ್ರ ಬಳಸಬಹುದು. 2003ರಲ್ಲಿ ವಿಶ್ವಾಸತತ್ವ ಪರಿಷತ್ತು ಹೊರಡಿಸಿದ ಪತ್ರವು ಇದನ್ನು ನಿಗದಿಗೊಳಿಸಿದೆ. ಅಂಗಡಿಯ ಸಿಹಿ ಪಾನೀಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂತ ಥೋಮಸ್ ಅಕ್ವಿನಾಸರು 'ಸುಮ್ಮಾ'ದ ಮೂರನೆಯ ಭಾಗದ 74ನೆಯ ಪ್ರಶ್ನೆಯಲ್ಲಿ ಈ ವಿಷಯವನ್ನೇ ಎತ್ತಿಕೊಳ್ಳುತ್ತಾರೆ. ಅವರ ತರ್ಕ ಸರಳ: ಹುಳಿದ್ರವವಾಗಿ ಪೂರ್ಣ ಬದಲಾದುದು ದ್ರಾಕ್ಷಾರಸವೇ ಅಲ್ಲ, ಆದ್ದರಿಂದ ಅದರಿಂದ ಸಂಸ್ಕಾರ ನೆರವೇರದು. ಹುಳಿಯಾಗಲು ತೊಡಗಿರುವುದು ಇನ್ನೂ ದ್ರಾಕ್ಷಾರಸವೇ. ಸಂಸ್ಕಾರ ನೆರವೇರುತ್ತದೆ, ಆದರೆ ತಿಳಿದೂ ಅದನ್ನು ಬಳಸುವವನು ಪಾಪಕ್ಕೆ ಒಳಗಾಗುತ್ತಾನೆ. 1570ರ ಪೂಜಾಗ್ರಂಥದ ದೋಷಪ್ರಕರಣವೂ ಇದೇ ಗೆರೆಯನ್ನು ಎಳೆಯಿತು. ಈ ಭೇದವು ಎರಡು ಕಡೆಯಿಂದಲೂ ನಮಗೆ ನೆರವಾಗುತ್ತದೆ. ಸ್ವಲ್ಪ ಹುಳಿ ಎನಿಸಿದ ಮಾತ್ರಕ್ಕೆ ಕಳೆದ ವಾರದ ಪೂಜೆಗಳೆಲ್ಲ ಅಸಿಂಧುವಾದವೇ ಎಂದು ನಿದ್ದೆಗೆಡುವ ಎಳೆಯ ಗುರುಗಳಿಗೆ ಅದು ಸಮಾಧಾನ ನೀಡುತ್ತದೆ; ಎಲ್ಲ ದ್ರಾಕ್ಷಾರಸದಲ್ಲಿಯೂ ಒಂದಿಷ್ಟು ಹುಳಿ ಇದ್ದೇ ಇರುತ್ತದೆ. 'ನಡೆಯುತ್ತದೆ ಬಿಡಿ' ಎನ್ನುವವರಿಗೆ ಅದು ಎಚ್ಚರಿಕೆಯನ್ನೂ ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ನಮ್ಮಲ್ಲಿ ಅತಿ ಸಂಶಯಕ್ಕಿಂತ ಈ ಎರಡನೆಯ ರೋಗವೇ ಹೆಚ್ಚು.

ದ್ರಾಕ್ಷಾರಸ ಹುಳಿಯಾಗುವುದಾದರೂ ಹೇಗೆ? ಅಸಿಟೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಮದ್ಯಸಾರವನ್ನು ಅಸಿಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಅವುಗಳಿಗೆ ಗಾಳಿ ಬೇಕು, ಬೆಚ್ಚಗಿನ ವಾತಾವರಣ ಬೇಕು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಅತ್ಯಂತ ಹಿತ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ವರ್ಷದ ಬಹುಭಾಗ ಇರುವ ಉಷ್ಣತೆ ಅದೇ. ಹಣ್ಣಿನ ನೊಣಗಳು ಅವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಯೂರೋಪಿನ ಮಠಗಳು ನೆಲಮಾಳಿಗೆಯಲ್ಲಿ ದ್ರಾಕ್ಷಾರಸವನ್ನು ಇಟ್ಟುದಕ್ಕೆ ಕಾರಣ ಇದೇ: ಅಲ್ಲಿ 12ರಿಂದ 14 ಡಿಗ್ರಿಯ ತಂಪು ಋತುಗಳು ಬದಲಾದರೂ ಹೆಚ್ಚು ಕದಲುವುದಿಲ್ಲ, ಕತ್ತಲೆ ಇರುತ್ತದೆ, ಬಿರಡೆ ಒಣಗದಷ್ಟು ತೇವವೂ ಇರುತ್ತದೆ.

ನಮ್ಮಲ್ಲಿ ನೆಲಮಾಳಿಗೆ ಇಲ್ಲ. ಆದರೂ ಅದರ ಗುಣಗಳನ್ನು ಸಾಧ್ಯವಾದಷ್ಟು ಒದಗಿಸಬಹುದು. ಪಡುವಣ ಗೋಡೆಗೆ ಒರಗಿಸಿದ ಕಬ್ಬಿಣದ ಬೀರು ಅತ್ಯಂತ ಕೆಟ್ಟ ಸ್ಥಳ. ಮಧ್ಯಾಹ್ನ ಕಾಯುತ್ತದೆ, ರಾತ್ರಿ ಆರುತ್ತದೆ. ಕಾದಾಗ ಹಿಗ್ಗಿದ ರಸವು ಬಿರಡೆಯನ್ನು ಒತ್ತುತ್ತದೆ, ಆರಿದಾಗ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಒಂದೇ ಸಮನಾದ ಸಾಧಾರಣ ಸೆಕೆಗಿಂತಲೂ ಈ ಏರಿಳಿತವೇ ಹೆಚ್ಚು ಹಾನಿಕರ. ಕಟ್ಟಡದ ಮಧ್ಯಭಾಗದಲ್ಲಿ, ಕೆಳ ಅಂತಸ್ತಿನಲ್ಲಿ, ಬಿಸಿಲು ಬೀಳದ ಮರದ ಕಪಾಟಿನ ಕೆಳಗಿನ ಅರೆ ಇದಕ್ಕೆ ತಕ್ಕುದು. ಮರದ ಬಿರಡೆಯ ಬಾಟಲಿಗಳನ್ನು ಅಡ್ಡ ಮಲಗಿಸಿಡಬೇಕು, ಬಿರಡೆ ತೊಯ್ದು ಬಿಗಿಯಾಗಿರುತ್ತದೆ. ತಿರುಚು ಮುಚ್ಚಳದವು ನಿಂತಿದ್ದರೂ ಸರಿ. ಪೂಜಾವಸ್ತ್ರಗಳ ನಡುವೆ ಇಡುವ ನುಸಿಗುಳಿಗೆ, ಕರ್ಪೂರ, ಧೂಪ, ಸೀಮೆಎಣ್ಣೆ ಇವುಗಳ ವಾಸನೆ ಬಿರಡೆಯ ಮೂಲಕವೂ ರಸಕ್ಕೆ ಹತ್ತಬಲ್ಲುದು.

ನಿಜವಾದ ಅಪಾಯವಿರುವುದು ಬಾಟಲಿ ತೆರೆದ ಮೇಲೆ. ವಾರದಲ್ಲಿ ಎರಡೇ ಪೂಜೆಗಳಿರುವ ಸಣ್ಣ ಧರ್ಮಕೇಂದ್ರದಲ್ಲಿ ಒಂದು ದೊಡ್ಡ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ರಸ ಇಳಿದಂತೆಲ್ಲ ಅದರ ಮೇಲಿನ ಗಾಳಿ ಹೆಚ್ಚುತ್ತದೆ. ಬಾಟಲಿ ತೆರೆದ ದಿನವೇ ರಸವನ್ನು ಶುದ್ಧವಾದ ಸಣ್ಣ ಗಾಜಿನ ಶೀಷೆಗಳಿಗೆ ಕಂಠಮಟ್ಟ ತುಂಬಿ, ದಿನಾಂಕ ಬರೆದು, ಶೀತಕಪಾಟಿನಲ್ಲಿಡುವುದು ಇದಕ್ಕೆ ಒಳ್ಳೆಯ ಉಪಾಯ. ಪ್ಲಾಸ್ಟಿಕ್ ಡಬ್ಬಿಯು ನಿಧಾನವಾಗಿ ಗಾಳಿಯನ್ನು ಒಳಬಿಡುತ್ತದೆ. ಪೂಜೆಯ ನಂತರ ಬಲಿಪೀಠದ ಸಣ್ಣ ಹೂಜಿಯಲ್ಲಿ ಉಳಿದುದನ್ನು ಮತ್ತೆ ಬಾಟಲಿಗೆ ಸುರಿಯುವ ಅಭ್ಯಾಸವನ್ನು ಹಲವು ಕಡೆ ಕಂಡಿದ್ದೇನೆ. ಮಿತವ್ಯಯದ ಹೆಸರಿನಲ್ಲಿ ನಡೆಯುವ ಈ ಕೆಲಸವು ಒಂದು ತೊಟ್ಟಿನಿಂದ ಇಡೀ ಬಾಟಲಿಗೆ ಹುಳಿಯ ಬೀಜ ಬಿತ್ತುತ್ತದೆ. ಹೂಜಿಯನ್ನು ಪ್ರತಿದಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ಪೂಜಾಸಹಾಯಕರಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು.

ಮದ್ಯಸಾರ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ನೂರಕ್ಕೆ 15ಕ್ಕಿಂತ ಮೇಲಾದರೆ ಹುಳಿ ತರುವ ಜೀವಿಗಳು ಬಾಳುವುದು ಕಷ್ಟ. ದ್ರಾಕ್ಷಿಯಿಂದಲೇ ಭಟ್ಟಿಯಿಳಿಸಿದ ಮದ್ಯಸಾರವನ್ನು ಸೇರಿಸಿ ಒಟ್ಟು ಪ್ರಮಾಣ ನೂರಕ್ಕೆ 18ನ್ನು ಮೀರದಂತೆ ಮಾಡಲು 1896ರಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಅನುಮತಿ ನೀಡಿದುದು ಈ ಕಷ್ಟವನ್ನು ಅರಿತೇ. ಆದರೆ ಈ ಅನುಮತಿ ತಯಾರಕರಿಗೆ, ಹುದುಗುವಿಕೆ ತಗ್ಗತೊಡಗಿದ ಹಂತಕ್ಕೆ ಸಂಬಂಧಿಸಿದುದು. ಕೆಡಬಾರದೆಂದು ಗುರುನಿವಾಸದಲ್ಲಿ ಯಾವುದೋ ಬ್ರಾಂಡಿಯನ್ನು ಬೆರೆಸಲು ಅದು ಪರವಾನಗಿಯಲ್ಲ. ನಮ್ಮ ದೇಶದ ಬ್ರಾಂಡಿಗಳಲ್ಲಿ ಕಾಕಂಬಿಯ ಮದ್ಯಸಾರವೇ ಸಾಮಾನ್ಯ ಎಂಬುದನ್ನು ಮರೆಯಬಾರದು. ಸಕ್ಕರೆ ಸೇರಿಸುವುದೂ ಸಲ್ಲದು.

ಪೂಜೆಗೆ ಮುನ್ನ ಮೂಗಿನ ಬಳಿ ಹಿಡಿದು ನೋಡಿದರೆ ಸಾಕು. ಉಗುರುಬಣ್ಣ ಅಳಿಸುವ ದ್ರವದಂತಹ ಕಟುವಾಸನೆ, ಮೇಲೆ ಬಿಳಿಯ ಪೊರೆ, ಗಂಟಲಿಗೆ ಚುಚ್ಚುವ ಹುಳಿ ಕಂಡರೆ ಅದನ್ನು ಬದಿಗಿಡಬೇಕು. ಅಭಿಮಂತ್ರಣದ ನಂತರ, ಪಾನ ಮಾಡುವಾಗ ಅದು ದ್ರಾಕ್ಷಾರಸವಲ್ಲವೆಂದು ತಿಳಿದರೆ? ಪಾತ್ರೆಯಲ್ಲಿ ನೀರಷ್ಟೇ ಇದ್ದ ಸಂದರ್ಭಕ್ಕೆ ಸಾಮಾನ್ಯ ಸೂಚನೆಗಳ 324ನೆಯ ಸಂಖ್ಯೆ ಹೇಳುವ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ: ಅದನ್ನು ಬೇರೆ ಪಾತ್ರೆಗೆ ಸುರಿದು, ಹೊಸ ದ್ರಾಕ್ಷಾರಸಕ್ಕೆ ನೀರು ಬೆರೆಸಿ, ಪಾನಪಾತ್ರೆಗೆ ಸಂಬಂಧಿಸಿದ ಸ್ಥಾಪನಾವಾಕ್ಯಗಳನ್ನಷ್ಟೇ ಉಚ್ಚರಿಸಬೇಕು, ರೊಟ್ಟಿಯ ಅಭಿಮಂತ್ರಣವನ್ನು ಪುನಃ ಮಾಡಬೇಕಿಲ್ಲ.

ಅದಕ್ಕೆ ಹೊಸ ದ್ರಾಕ್ಷಾರಸ ಕೈಗೆ ಸಿಗುವಂತಿರಬೇಕು. ಘಟ್ಟದ ಕಾಫಿತೋಟದ ಉಪಕೇಂದ್ರದಲ್ಲಿ, ತಿಂಗಳಿಗೊಮ್ಮೆ ಪೂಜೆಗಾಗಿ ಕಾದು ನಡೆದು ಬಂದ ಜನರ ಮುಂದೆ, ಪೆಟ್ಟಿಗೆಯಲ್ಲಿರುವ ಒಂದೇ ಶೀಷೆ ಹುಳಿಯಾಗಿದ್ದರೆ ಪೂಜೆ ಅರ್ಪಿಸಲು ಬರುವುದಿಲ್ಲ. ಎಂತಹ ತುರ್ತಿನಲ್ಲಿಯೂ ಒಂದು ದ್ರವ್ಯವನ್ನು ಬಿಟ್ಟು ಇನ್ನೊಂದನ್ನು ಮಾತ್ರ ಅಭಿಮಂತ್ರಿಸುವುದನ್ನು 927ನೆಯ ವಿಧಿ ನಿಷೇಧಿಸುತ್ತದೆ. ಆದ್ದರಿಂದ ಪ್ರಯಾಣದ ಪೆಟ್ಟಿಗೆಯಲ್ಲಿ ಎರಡು ಸಣ್ಣ ಗಾಜಿನ ಶೀಷೆಗಳಿರಲಿ, ಎರಡನೆಯದು ಮುದ್ರೆ ಒಡೆಯದಿರಲಿ. ಹೊರಡುವ ದಿನವೇ ಮೊದಲನೆಯದನ್ನು ತುಂಬಿ, ಜೀಪಿನ ಎಂಜಿನ್ ಬದಿಯಲ್ಲಲ್ಲದೆ ಒದ್ದೆಬಟ್ಟೆ ಸುತ್ತಿ ನೆರಳಿನಲ್ಲಿ ಇಟ್ಟುಕೊಂಡು ಹೋಗಬೇಕು.