ವಿಳಾಸ ಹೊಸದು, ಕಾವಲು ಯಾರದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಅಡಿಕೆ ತೋಟದ ನಡುವಿನ ಎಷ್ಟೋ ಒಂಟಿ ಮನೆಗಳಿಗೂ ಈಗ ಫೈಬರ್ ಬಂದಿದೆ. ಕಂಪ್ಯೂಟರ್, ಟಿವಿ, ಅಂಗಳದ ಸಿಸಿ ಕ್ಯಾಮೆರಾ ಎಲ್ಲಕ್ಕೂ ಒಂದೇ ವೈಫೈ. ಆಂಟಿವೈರಸ್ ಹಾಕಿಸಿದರೆ ಆಯಿತು ಎನ್ನುವವರೇ ಹೆಚ್ಚು. ಅದಕ್ಕೂ ಮೊದಲು ನೋಡಬೇಕಾದದ್ದು ರೂಟರ್‌ನ ಫೈರ್‌ವಾಲ್, ಅಂದರೆ ಹೊರಗಿನಿಂದ ಕೇಳದೆ ಬರುವ ಸಂಪರ್ಕಗಳನ್ನು ತಡೆಯುವ ಕಾವಲು. ಯಾಕೆಂದರೆ ಇಂಟರ್ನೆಟ್ಟಿನ ವಿಳಾಸ ಪದ್ಧತಿಯೇ ಬದಲಾಗುತ್ತಿದೆ.

ಹಳೆಯ ಐಪಿವಿ4ರಲ್ಲಿ ಇದ್ದದ್ದು ಸುಮಾರು 430 ಕೋಟಿ ವಿಳಾಸ. ಅದರ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಈ ಅಭಾವ ಬರುವುದೆಂದು ಮೊದಲೇ ತಿಳಿದಿದ್ದರಿಂದಲೇ ಮನೆಮಂದಿಯ ಉಪಕರಣಗಳೆಲ್ಲ ಒಂದೇ ವಿಳಾಸ ಹಂಚಿಕೊಳ್ಳುವ ‘ನ್ಯಾಟ್’ ಬಳಕೆಗೆ ಬಂದದ್ದು. ಬಿಡಿ ಬಿಡಿ ಮನೆಗಳ ಊರಿನಲ್ಲಿ ಕಾಗದಗಳೆಲ್ಲ ಬಸ್‌ಸ್ಟಾಪಿನ ಅಂಗಡಿಗೆ ಬಂದು ಬೀಳುವ ಹಾಗೆ. ಒಳಗಿನವರು ಕೇಳದೆ ಹೊರಗಿನಿಂದ ಬಂದದ್ದು ಯಾರದೆಂದು ತಿಳಿಯದೆ ಅಲ್ಲೇ ಉಳಿಯುತ್ತಿತ್ತು. ಅದನ್ನೇ ಭದ್ರತೆ ಎಂದುಕೊಂಡೆವು; ನಿಜಕ್ಕೂ ಅದು ಬಡತನದ ಲಾಭ. 128 ಬಿಟ್‌ಗಳ ಹೊಸ ಪದ್ಧತಿ ಐಪಿವಿ6ರಲ್ಲಿ ಆ ಬಡತನವಿಲ್ಲ. ಒಂದೊಂದು ಉಪಕರಣಕ್ಕೂ ಹೊರಜಗತ್ತಿನಿಂದ ನೇರವಾಗಿ ತಲುಪಬಹುದಾದ ಸ್ವಂತ ವಿಳಾಸ. 2016ರಲ್ಲಿ ಜಿಯೊ ಬಂದ ಮೇಲಂತೂ ಇದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಗೆ ಸೇರಿತು. ಅದೇ ವರ್ಷ ‘ಮಿರಾಯ್’ ಎಂಬ ಕುತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಅಂಥವುಗಳಿಂದಲೇ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೂ ತಡವರಿಸಿದವು. ಹಳೆಯ ವಿಳಾಸಗಳಲ್ಲೇ ಇಷ್ಟಾಯಿತು.

ಐಪಿವಿ6 ವಿಳಾಸಗಳು ಎಣಿಕೆಗೇ ಸಿಗದಷ್ಟಿವೆ, ನಮ್ಮ ಮನೆ ಯಾರಿಗೆ ಸಿಕ್ಕೀತು ಎನ್ನುವವರಿದ್ದಾರೆ. ಒಂದೊಂದನ್ನೇ ತಡಕಿ ಹುಡುಕುವುದು ಅಸಾಧ್ಯವೆನ್ನುವುದು ನಿಜ. ಆದರೆ ಹುಡುಕುವ ಪ್ರಮೇಯವೇ ಇಲ್ಲ. ಯಾವ ಜಾಲತಾಣ ತೆರೆದರೂ ನಮ್ಮ ವಿಳಾಸವನ್ನು ನಾವೇ ಕೊಟ್ಟು ಬಂದಿರುತ್ತೇವೆ. ಕಂಪ್ಯೂಟರ್, ಫೋನು ಆಗಾಗ ತಾತ್ಕಾಲಿಕ ವಿಳಾಸ ಬದಲಿಸುತ್ತವೆ. ಅಗ್ಗದ ಕ್ಯಾಮೆರಾದಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಹಾಗಾದರೆ ಐಪಿವಿ6 ಬಂದ್ ಮಾಡಿದರಾಯಿತಲ್ಲ ಎಂದರೆ, ಅದು ಹೊಸ ರಸ್ತೆಯನ್ನೇ ಕೈಬಿಟ್ಟಂತೆ. ಕ್ಯಾಮೆರಾದ ಹಳೇ ಪಾಸ್‌ವರ್ಡ್ ಮಾತ್ರ ಹಾಗೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಫೈರ್‌ವಾಲ್ ಇದೆಯಲ್ಲ ಎಂಬ ಮಾತೂ ಸರಿಯೇ. 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಅದು ತಾನಾಗಿ ಚಾಲೂ ಇರುತ್ತದೆ. ಆದರೆ ಅದು ಕಾಯುವುದು ತಾನಿರುವ ಕಂಪ್ಯೂಟರನ್ನು ಮಾತ್ರ, ಟಿವಿಯನ್ನಲ್ಲ.

ಫೈರ್‌ವಾಲ್ ಇದ್ದರೂ ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಅಳವಡಿಸುವ) ಫೈಲನ್ನು ನಾವೇ ಒತ್ತಿದರೆ ಅದೇನೂ ಮಾಡಲಾರದು. ಆ ಮಿತಿ ಒಪ್ಪಿಕೊಂಡೇ ರೂಟರ್ ನೋಡಿ. ಅದರ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಇರುತ್ತವೆ. ಒಳಹೊಕ್ಕು ಐಪಿವಿ6 ಫೈರ್‌ವಾಲ್ ಆನ್ ಇದೆಯೇ, ಹೊರಗಿನಿಂದ ತಾವಾಗಿ ಬರುವ ಸಂಪರ್ಕಗಳನ್ನು ತಡೆಯುತ್ತಿದೆಯೇ ನೋಡಿ. ಚೀಟಿಯ ಪಾಸ್‌ವರ್ಡ್ ಬದಲಿಸಿ. ತಿಳಿಯದಿದ್ದರೆ ಫೈಬರ್ ಎಳೆಯಲು ಬಂದ ಹುಡುಗನನ್ನು ಕೇಳಿ. ಅವನು ಹೊರಡುವ ಮೊದಲೇ ಕೇಳಿ.