ಹುಲಿ ಮೂರು, ಆಡು ಹದಿನೈದು, ರೋಬೋ 4,096

ಆಡು-ಹುಲಿ ಆಟದ ಮನೆ ಬರೆಯಲು ಒಂದು ಚೂರು ಇದ್ದಿಲು ಸಾಕು, ಬಂಡೆ ಹೇಗೂ ಇದೆ. ನಮ್ಮ ಕಡೆ ರೂಢಿಯಲ್ಲಿರುವ ಒಂದು ಬಗೆಯಲ್ಲಿ ಗೆರೆಗಳು ಕೂಡುವ ಜಾಗ 23, ಹುಲಿ 3, ಆಡು 15. ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡುಗಳು ಒಟ್ಟಾಗಿ ನಿಂತು ಹುಲಿಗೆ ಹೆಜ್ಜೆ ಇಡಲು ಜಾಗವಿಲ್ಲದಂತೆ ಕಟ್ಟಿಹಾಕುತ್ತವೆ. ಶಿರಾದಿಂದ ಪಾವಗಡದವರೆಗಿನ ಈ ಕುರಿ-ಮೇಕೆಯ ಸೀಮೆಯಲ್ಲಿ ಆಟದ ಕಾಯಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಹದಿನೈದು ಆಡೂ ಬದುಕಿರುವಾಗ ಈ ಕಾಯಿಗಳನ್ನು ಎಷ್ಟು ಬಗೆಯಲ್ಲಿ ಇಡಬಹುದು? ಲೆಕ್ಕ ಸರಳ, ಉತ್ತರ ದೊಡ್ಡದು: 2,74,57,584. ಸೆಕೆಂಡಿಗೊಂದರಂತೆ, ಊಟ-ನಿದ್ದೆ ಬಿಟ್ಟು ಒಂದೊಂದನ್ನೇ ಜೋಡಿಸಿ ನೋಡುತ್ತ ಕೂತರೆ 318 ದಿನ ಬೇಕು. ಮನೆಯ ಮೇಲೆ ಆಡು ಒಂದೂ ಇಲ್ಲದಿರುವುದರಿಂದ ಹಿಡಿದು ಹದಿನೈದೂ ಇರುವವರೆಗಿನ ಎಲ್ಲ ಜೋಡಣೆಗಳನ್ನು ಸೇರಿಸಿದರೆ 184 ಕೋಟಿ ದಾಟುತ್ತದೆ. ಅದಕ್ಕೆ 58 ವರ್ಷ. ಬಂಡೆಯ ಮೇಲೆ ಮಕ್ಕಳು ಹುಣಸೆಬೀಜ ಇಟ್ಟು ಆಡುವ ಆಟದ ಅಳತೆ ಇದು! ಸೆಕೆಂಡಿಗೆ ಹತ್ತು ಲಕ್ಷ ಜೋಡಣೆ ನೋಡಬಲ್ಲ ಕಂಪ್ಯೂಟರಿಗೆ ಇಷ್ಟೂ ಅರ್ಧ ಗಂಟೆಯ ಕೆಲಸ. ನೇಪಾಳದಲ್ಲಿ ಇದರ ದಾಯಾದಿ ಆಟವೊಂದಿದೆ, ಬಾಘ್‌ಚಾಲ್: 25 ಜಾಗ, 4 ಹುಲಿ, 20 ಆಡು. ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಅದರಲ್ಲಿ ಯಾರೂ ಗೆಲ್ಲುವುದಿಲ್ಲವೆಂದು ಗಣಕವಿಜ್ಞಾನಿಗಳು ಲೆಕ್ಕ ಹಾಕಿ ಸಾಧಿಸಿದ್ದಾರೆ.

ಎಲ್ಲ ಆಟವೂ ಹೀಗೆ ಎಣಿಕೆಗೆ ಸಿಗುವುದಿಲ್ಲ. ಪೂರ್ವ ಏಷ್ಯಾದ ಗೋ ಆಟದ ಮನೆಯಲ್ಲಿ 361 ಜಾಗಗಳಿವೆ. ಅದರಲ್ಲಿ ನಿಯಮಕ್ಕೆ ಒಪ್ಪುವ ಜೋಡಣೆಗಳ ಸಂಖ್ಯೆಯನ್ನು 2016ರಲ್ಲಿ ಗಣಕವಿಜ್ಞಾನಿ ಜಾನ್ ಟ್ರಾಂಪ್ ಕರಾರುವಾಕ್ಕಾಗಿ ಕಂಡುಹಿಡಿದರು. ಆ ಸಂಖ್ಯೆಗೆ 171 ಅಂಕಿ. ನಮಗೆ ಕಾಣುವಷ್ಟು ವಿಶ್ವದಲ್ಲಿರುವ ಪರಮಾಣುಗಳ ಅಂದಾಜನ್ನು ಬರೆಯಲು 81 ಅಂಕಿ ಸಾಕಾಗುತ್ತದೆ. ಎಲ್ಲವನ್ನೂ ಎಣಿಸಿ ಗೆಲ್ಲುವ ದಾರಿ ಅಲ್ಲಿಗೆ ಮುಚ್ಚಿತು. ಯಂತ್ರ ಆಡಿ ಆಡಿಯೇ ಕಲಿಯಬೇಕಾಯಿತು. 2017ರ ಆಲ್ಫಾಗೋ ಝೀರೋ ಎಂಬ ಪ್ರೋಗ್ರಾಂ ಮೂರು ದಿನಗಳಲ್ಲಿ ತನ್ನೊಡನೆ ತಾನೇ 49 ಲಕ್ಷ ಆಟ ಆಡಿತು, ಅಂದರೆ ಸೆಕೆಂಡಿಗೆ ಹತ್ತೊಂಬತ್ತರ ಹತ್ತಿರ. ದಿನಕ್ಕೊಂದು ಆಟ ಆಡುವ ಮನುಷ್ಯನಿಗೆ ಅಷ್ಟು ಮುಗಿಸಲು 13,000 ವರ್ಷಕ್ಕಿಂತ ಹೆಚ್ಚು ಬೇಕು. ಹಿಂದಿನ ವರ್ಷ ದಕ್ಷಿಣ ಕೊರಿಯಾದ ಗೋ ಆಟಗಾರ ಲೀ ಸೆಡಾಲ್ ಅವರನ್ನು ಸೋಲಿಸಿದ್ದ ಆಲ್ಫಾಗೋವನ್ನು ಅದು ನೂರಕ್ಕೆ ನೂರು ಆಟಗಳಲ್ಲಿ ಮಣಿಸಿತು.

ವಿಡಿಯೋ ಗೇಮಿನಲ್ಲಿ ಈ ಅಭ್ಯಾಸ ಇನ್ನೂ ಬೃಹತ್ತಾಗಿ ಬೆಳೆಯಿತು. ಐವರ ಎದುರು ಐವರು ಆಡುವ ಡೋಟಾ 2 ಎಂಬ ಆಟಕ್ಕೆ ಓಪನ್‌ಎಐ ಸಂಸ್ಥೆ ಒಂದು ತಂಡ ಕಟ್ಟಿತು. ಹತ್ತು ತಿಂಗಳಲ್ಲಿ ಅದು ಆಡಿದ್ದು 45,000 ವರ್ಷಗಳ ಆಟ. ಹಲ್ಮಿಡಿ ಶಾಸನದಿಂದ ಇವತ್ತಿನವರೆಗೆ ಕನ್ನಡದ ಬರಹಕ್ಕೆ ಆಗಿರುವ ವಯಸ್ಸು ಸುಮಾರು 1,570 ವರ್ಷ. ಅಂಥ ಇಪ್ಪತ್ತೆಂಟು ಕಾಲಗಳನ್ನು ಒಂದರ ಮುಂದೆ ಒಂದು ಜೋಡಿಸಿದರೂ ಆ ಹತ್ತು ತಿಂಗಳು ತುಂಬುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಅದು ಓಜಿ ಎಂಬ ವಿಶ್ವ ಚಾಂಪಿಯನ್ ತಂಡವನ್ನು 2-0ಯಿಂದ ಸೋಲಿಸಿತು. ಆಮೇಲೆ ಸಾರ್ವಜನಿಕರಿಗೂ ಆಡಲು ಬಿಟ್ಟರು: 7,257 ಆಟಗಳಲ್ಲಿ ಯಂತ್ರ ಸೋತದ್ದು 42.

ಮುಂದೆ ಯಂತ್ರ ಎದುರಾಳಿಯ ಜಾಗದಿಂದ ಎದ್ದು ಬಂದು ಆಟಗಾರನ ಪಕ್ಕ ಕೂತಿತು. 2024ರಲ್ಲಿ ಡೀಪ್‌ಮೈಂಡ್ ಸಂಸ್ಥೆ ತೋರಿಸಿದ ಸಿಮಾ ಎಂಬ ಸಹಾಯಕ ಪರದೆಯನ್ನು ನೋಡಿ, ನಾವು ಮಾತಿನಲ್ಲಿ ಹೇಳಿದ್ದನ್ನು ಕೀಲಿಮಣೆ-ಮೌಸ್ ಹಿಡಿದು ಮಾಡುತ್ತದೆ. ಒಂಬತ್ತು ಆಟಗಳಲ್ಲಿ ಅದನ್ನು ಬೆಳೆಸಿದರು, ಏಣಿ ಹತ್ತುವುದು, ಎಡಕ್ಕೆ ತಿರುಗುವುದು ಇಂಥ 600 ಸಣ್ಣ ಕೌಶಲಗಳಲ್ಲಿ ಪರೀಕ್ಷಿಸಿದರು. ಕಣ್ಣಿಟ್ಟು ನೋಡು, ಮಾತು ಕೇಳು, ಹೆಜ್ಜೆ ಇಡು: ರೋಬೋಗೆ ಬೇಕಾದದ್ದೂ ಇದೇ ತಾನೆ? ವಿಡಿಯೋ ಗೇಮು ಮತ್ತು ರೋಬೋ ಬೇರೆ ಬೇರೆ ಸುದ್ದಿಗಳೆಂದು ನಾವು ಓದುತ್ತೇವೆ. ಎರಡಕ್ಕೂ ತಾಯಿ ಒಂದೇ, ಗ್ರಾಫಿಕ್ಸ್ ಕಾರ್ಡ್.

ಆ ಕಾರ್ಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾಮಾನ್ಯ ಪರದೆಯೊಂದರಲ್ಲಿ 20,73,600 ಚುಕ್ಕೆಗಳಿರುತ್ತವೆ. ಆಟ ತಡವರಿಸದೆ ಓಡಬೇಕಾದರೆ ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕೆಗಳ ಬಣ್ಣ ಲೆಕ್ಕ ಹಾಕಬೇಕು, ಅಂದರೆ 12 ಕೋಟಿ 44 ಲಕ್ಷ ಚುಕ್ಕೆ. ಒಬ್ಬ ಜಾಣ ಕೂತು ಮಾಡುವ ಕೆಲಸ ಇದಲ್ಲ, ಸಾವಿರಾರು ಸಾಧಾರಣ ಲೆಕ್ಕಿಗರು ಒಟ್ಟಿಗೆ ಮಾಡಬೇಕು. 2022ರಲ್ಲಿ ಬಂದ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಎಂಬ ಗೇಮಿಂಗ್ ಕಾರ್ಡಿನಲ್ಲಿ ಅಂಥ ಲೆಕ್ಕಿಗರು 16,384. ಅದರ ಚಿಪ್ಪಿನಲ್ಲಿರುವ ಟ್ರಾನ್ಸಿಸ್ಟರುಗಳು ಸುಮಾರು 7,630 ಕೋಟಿ. ಪೂರ್ತಿ ವೇಗದಲ್ಲಿ ಸೆಕೆಂಡಿಗೆ 82 ಲಕ್ಷ ಕೋಟಿ ಲೆಕ್ಕ. ಭೂಮಿಯ ಮೇಲಿರುವ ಸುಮಾರು 820 ಕೋಟಿ ಜನ, ಹಸುಗೂಸು ಸೇರಿ, ಸೆಕೆಂಡಿಗೊಂದು ಲೆಕ್ಕ ಮಾಡುತ್ತ ಹೋದರೆ ಆ ಕಾರ್ಡಿನ ಒಂದು ಸೆಕೆಂಡಿನ ಕೆಲಸ ಮುಗಿಯಲು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಇದು ಗೇಮ್ ಆಡುವ ಹುಡುಗರ ಮೇಜಿನಡಿಯ ಪೆಟ್ಟಿಗೆಯೊಳಗೆ ಕೂರುವ ವಸ್ತು!

ಆಟದ ಬೆಟ್ಟ, ಆಟದ ನೆರಳು, ಆಟದ ಬೀಳುವಿಕೆ ಎಲ್ಲವನ್ನೂ ಲೆಕ್ಕ ಹಾಕಬಲ್ಲ ಇಂಥ ಕಾರ್ಡಿಗೆ ನಿಜವಾದ ಬೆಟ್ಟದ ಗುರುತ್ವವನ್ನೂ ಜಾರಿಕೆಯನ್ನೂ ಲೆಕ್ಕ ಹಾಕಲು ಹೇಳಿದರೆ ಏನಾಗುತ್ತದೆ? ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಎನ್ವಿಡಿಯಾದವರ ಜೊತೆ ಸೇರಿ 2021ರಲ್ಲಿ ಅದನ್ನು ಮಾಡಿದರು. ಒಂದೇ ಒಂದು ಕಾರ್ಡು. ಅದರೊಳಗೆ ಎನಿಮಲ್ ಎಂಬ ನಾಲ್ಕು ಕಾಲಿನ ರೋಬೋದ 4,096 ಪ್ರತಿಗಳು. ಹುಟ್ಟಿದ ಕ್ಷಣದಲ್ಲಿ ಒಂದಕ್ಕೂ ಕಾಲು ಎತ್ತಲು ಬರುವುದಿಲ್ಲ. ಬೀಳುತ್ತವೆ, ಹೊರಳುತ್ತವೆ, ಮತ್ತೆ ಶುರುವಾಗುತ್ತವೆ. ಅವಕ್ಕೆ ಪಾಠ ಹಾಕಿದ ರೀತಿ ಅಪ್ಪಟ ವಿಡಿಯೋ ಗೇಮಿನದು: ಇಳಿಜಾರು, ಮೆಟ್ಟಿಲು, ಚೆಲ್ಲಾಪಿಲ್ಲಿ ಕಲ್ಲು ಎಲ್ಲಕ್ಕೂ ಲೆವೆಲ್ಲುಗಳು. ದಾಟಿದ ರೋಬೋ ಮುಂದಿನ ಲೆವೆಲ್ಲಿಗೆ ಏರುತ್ತದೆ, ಹೇಳಿದ ದೂರದ ಅರ್ಧವನ್ನೂ ಕ್ರಮಿಸದ ರೋಬೋ ಹಿಂದಕ್ಕೆ ಇಳಿಯುತ್ತದೆ. ಸಮತಟ್ಟು ನೆಲದಲ್ಲಿ ನಡೆಯಲು ಕಲಿತದ್ದು ನಾಲ್ಕು ನಿಮಿಷದೊಳಗೆ. ಏರುಪೇರಿನ ನೆಲಕ್ಕೆ 20 ನಿಮಿಷ. ಕಲಿತದ್ದನ್ನು ನಿಜವಾದ ರೋಬೋದೊಳಕ್ಕೆ ಇಳಿಸಿದರೆ ಅದು ನಿಜವಾದ ಮೆಟ್ಟಿಲು ಹತ್ತಿತು.

ಈ 20 ನಿಮಿಷವನ್ನು ಓದಿದಾಗ ನನಗೆ ನೆನಪಾದದ್ದು ಮೇಕೆಮರಿ. ಹುಟ್ಟಿದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಅದು ತಡವರಿಸುತ್ತಲೇ ಎದ್ದು ತಾಯಿಯ ಕೆಚ್ಚಲು ಹುಡುಕುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಬೆಟ್ಟದ ಮೇಲಿನ ಕೋಟೆಗೋಡೆಯ ಅಂಚಿನಲ್ಲಿ ನಿಂತು ಸೊಪ್ಪು ಕೀಳುತ್ತಿರುತ್ತದೆ. ಅದಕ್ಕೆ 4,096 ಪ್ರತಿಗಳಿಲ್ಲ, ಒಂದು ಸಲ ಪ್ರಪಾತಕ್ಕೆ ಬಿದ್ದರೆ ಎರಡನೆಯ ಅವಕಾಶವೂ ಇಲ್ಲ. ಮನುಷ್ಯ ಮೇಕೆಯನ್ನು ಸಾಕಲು ಶುರುಮಾಡಿ ಸುಮಾರು ಹತ್ತು ಸಾವಿರ ವರ್ಷ. ಅದರ ಕಾಡುಮೂಲದ ಹಿರಿಯರು ಬಂಡೆ ಹತ್ತಿ, ಬಿದ್ದು, ಉಳಿದು ಬಂದ ಕಾಲ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟೂ ಅಭ್ಯಾಸ ಮರಿಯ ಮೈಯಲ್ಲಿ ಮೊದಲೇ ಇದೆ. ಯಂತ್ರ ಲೆಕ್ಕದೊಳಗೆ ಸಾವಿರಾರು ಸಲ ಬಿದ್ದು ಕೊಂಡುಕೊಳ್ಳುತ್ತಿರುವುದು ಅದನ್ನೇ. ಹೀಗೆ ನೋಡಿದರೆ ನನಗೆ ರೋಬೋದ ಮೇಲಿನ ಬೆರಗು ಕಡಿಮೆಯಾಗುವುದಿಲ್ಲ, ಮೇಕೆಯ ಮೇಲಿನದು ಹೆಚ್ಚಾಗುತ್ತದೆ.

ಕೈಯ ಕೆಲಸಕ್ಕೆ ಬಂದರೆ ಈ ಖರೀದಿ ಬಲು ದುಬಾರಿ. 2019ರಲ್ಲಿ ಓಪನ್‌ಎಐನ ರೋಬೋ ಕೈಯೊಂದು ರೂಬಿಕ್ಸ್ ಕ್ಯೂಬ್ ಜೋಡಿಸಲು ಸಿಮ್ಯುಲೇಶನ್ನಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲು ಲೋಕದಲ್ಲಿ, 13,000 ವರ್ಷ ಅಭ್ಯಾಸ ಮಾಡಿತು. ಅಷ್ಟಾದ ಮೇಲೂ ಪೂರ್ತಿ ಕಲಸಿದ ಕ್ಯೂಬನ್ನು ಜೋಡಿಸಿದ್ದು ಐದು ಸಲಕ್ಕೆ ಒಂದು ಸಲ. ಮನುಷ್ಯಾಕಾರದ ರೋಬೋಗಳಿಗಾಗಿ ಎನ್ವಿಡಿಯಾ 2025ರಲ್ಲಿ 11 ಗಂಟೆಗಳಲ್ಲಿ 7,80,000 ಕೃತಕ ಚಲನೆಗಳನ್ನು ಹುಟ್ಟಿಸಿತು. ಒಬ್ಬ ಮನುಷ್ಯ ಕೈಯಾರೆ ಮಾಡಿ ತೋರಿಸಲು ಹೋದರೆ ಅದು 6,500 ಗಂಟೆಯ ಕೆಲಸ, ಹಗಲಿರುಳು ಒಂಬತ್ತು ತಿಂಗಳು.

ಇಷ್ಟೆಲ್ಲ ಅಭ್ಯಾಸಕ್ಕೆ ಕರೆಂಟು ಬೇಕು. ಅದರ ಲೆಕ್ಕಕ್ಕೆ ಈಗ ಪಾವಗಡಕ್ಕೆ ಬರೋಣ. ಮಳೆ ಮೋಸ ಮಾಡುತ್ತ ಬಂದ ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿದೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ನಾನು ಹೇಳಿದ ಗೇಮಿಂಗ್ ಕಾರ್ಡು ಪೂರ್ತಿ ದುಡಿಯುವಾಗ ಎಳೆಯುವುದು 450 ವ್ಯಾಟ್. ನಡಿಗೆಯ ಆ ಪಾಠ ಇದರಲ್ಲೂ 20 ನಿಮಿಷದ್ದೇ ಎಂದುಕೊಂಡರೆ 150 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಆರನೇ ಒಂದು ಭಾಗವೂ ಆಗುವುದಿಲ್ಲ. ಒಂದು ಪೀಳಿಗೆಯ ರೋಬೋಗಳು ಕಲ್ಲು ನೆಲದ ಮೇಲೆ ನಡೆಯಲು ಕಲಿಯುವುದಕ್ಕೆ ಕಾರ್ಡು ತಿನ್ನುವ ಕರೆಂಟಿನ ಖರ್ಚು ಒಂದು ರೂಪಾಯಿಯ ಆಸುಪಾಸು.

ನೆತ್ತಿಯ ಬಿಸಿಲಿನಲ್ಲಿ ಪಾರ್ಕು ತನ್ನ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಆ ವಿದ್ಯುತ್ತಿನಲ್ಲಿ ಒಟ್ಟಿಗೆ ದುಡಿಯಬಲ್ಲ ಕಾರ್ಡುಗಳು 45 ಲಕ್ಷ 55 ಸಾವಿರ. ಒಂದೊಂದರೊಳಗೂ 4,096 ರೋಬೋ. ಒಟ್ಟು 1,865 ಕೋಟಿಗೂ ಹೆಚ್ಚು! ಲೋಕದ ಜನಸಂಖ್ಯೆಯ ಎರಡು ಪಟ್ಟಿಗೂ ಮೀರಿದ ನಾಲ್ಕು ಕಾಲಿನ ಜೀವಗಳು, ಒಂದು ತಾಲ್ಲೂಕಿನ ಬಿಸಿಲು ಕುಡಿದು, ಇಪ್ಪತ್ತು ನಿಮಿಷದಲ್ಲಿ ನಡೆಯಲು ಕಲಿಯುತ್ತವೆ. ಕಾರ್ಡುಗಳನ್ನು ತಂಪಾಗಿಡಲು, ಉಳಿದ ಯಂತ್ರಭಾಗಗಳಿಗೆ ಎಂದು ಅರ್ಧ ವಿದ್ಯುತ್ತನ್ನು ಕಳೆದುಬಿಡಿ. ಆಗಲೂ 930 ಕೋಟಿ ಉಳಿಯುತ್ತದೆ, ಭೂಮಿಯ ಮೇಲಿನ ಮನುಷ್ಯರಿಗಿಂತ ಹೆಚ್ಚು.

ಕಲಿತ ನಡಿಗೆ ಬೆಟ್ಟ ಹತ್ತಿಸುತ್ತದೆಯೇ? ಹತ್ತಿಸಿದೆ. ಅದೇ ಜ್ಯೂರಿಕ್‌ನ ಇನ್ನೊಂದು ಕೆಲಸದಲ್ಲಿ, 2022ರಲ್ಲಿ ಪ್ರಕಟವಾದದ್ದು, ಎನಿಮಲ್ ರೋಬೋ ಎಟ್ಸೆಲ್ ಎಂಬ ಬೆಟ್ಟದ ಕಾಲುದಾರಿಯಲ್ಲಿ 120 ಮೀಟರ್ ಏರಿತು. ತುದಿ ಮುಟ್ಟಿದ್ದು 31 ನಿಮಿಷಕ್ಕೆ. ಚಾರಣಿಗರಿಗೆ ಅಲ್ಲಿ ಹೇಳುವ ಸಮಯ 35 ನಿಮಿಷ.

ಮಧುಗಿರಿಯ ಏಕಶಿಲಾ ಬೆಟ್ಟ ಊರಿನಿಂದ ಸುಮಾರು 400 ಮೀಟರ್ ಎದ್ದು ನಿಂತಿದೆ, ಎಟ್ಸೆಲ್‌ನಲ್ಲಿ ರೋಬೋ ಏರಿದ್ದರ ಮೂರು ಪಟ್ಟಿಗೂ ಹೆಚ್ಚು. ಚನ್ನರಾಯನದುರ್ಗ ಅದಕ್ಕೆ ಹತ್ತಿರದ ನಂಟ: ಶಂಕುವಿನಾಕಾರದ ಬೆಟ್ಟ, ಸುತ್ತುಸುತ್ತಾಗಿ ಮೇಲೇರುವ ಕೋಟೆಗೋಡೆ, ಮೇಲೆ ಹೋದಂತೆ ಕೈಯೂರಿ ಹತ್ತಬೇಕಾದ ಬೋಳು ಬಂಡೆ. ರಾಮನಗರದಿಂದ ಬಡಗಲಿಗೆ ಹರಿದು ಬರುವ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲು ಇದು, ವಯಸ್ಸು 250 ಕೋಟಿ ವರ್ಷದ ಸುಮಾರು. ಜ್ಯೂರಿಕ್‌ನವರು ತಮ್ಮ 20 ನಿಮಿಷದ ಪಾಠದ ಕೋಡನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆ ಪಾಠದಲ್ಲಿ ಇಳಿಜಾರಿನ ಲೆವೆಲ್ಲುಗಳು 25 ಡಿಗ್ರಿಗೆ ನಿಲ್ಲುತ್ತವೆ. ಕೊರಟಗೆರೆ, ಮಧುಗಿರಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳು ಈ ಕೋಡನ್ನು ಇಳಿಸಿಕೊಳ್ಳಲಿ, ದುರ್ಗದ ಬಂಡೆಯನ್ನು ಅಳೆದು ಹೊಸ ಲೆವೆಲ್ಲುಗಳನ್ನು ಸೇರಿಸಲಿ ಎಂಬುದು ನನ್ನ ಆಸೆ. ಸವೆದ ಕಚ್ಚುಮೆಟ್ಟಿಲಿಗೆ ಒಂದು, ಗೋಡೆ ಕುಸಿದು ಉರುಳಿದ ಕಲ್ಲುಗಳಿಗೆ ಒಂದು, ಉದುರುಮರಳು ಕೂತ ನುಣುಪು ಬಂಡೆಗೆ ಒಂದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ನೀರಿನ ಜಾಡಿಗೆ ಇನ್ನೊಂದು.