ಖಿನ್ನತಾ ನಿವಾರಕ ಔಷಧಗಳ ಫಲ ಮತ್ತು ರೋಗಿಯ ಸ್ಥಿತಿಗತಿ

ಖಿನ್ನತೆಯಿಂದ ಬಳಲುವ ಇಬ್ಬರಿಗೆ ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಒಬ್ಬರು ಚೇತರಿಸಿಕೊಂಡು, ಮತ್ತೊಬ್ಬರು ಮೊದಲಿನಂತೆಯೇ ಉಳಿಯುವುದುಂಟು. ಈ ವ್ಯತ್ಯಾಸದಲ್ಲಿ ರೋಗಿಯ ದೇಹ, ಮನಸ್ಸು ಹಾಗೂ ಜೀವನ ಸ್ಥಿತಿಗಳ ಪಾತ್ರವೆಷ್ಟು ಎಂಬುದು ಚಿಕಿತ್ಸಾ ದೃಷ್ಟಿಯಿಂದ ಮಹತ್ವದ ಪ್ರಶ್ನೆಯಾಗಿದೆ.

ಈ ನಿಟ್ಟಿನಲ್ಲಿ ಅಮೆರಿಕದಲ್ಲಿ ನಡೆದ ‘ಸ್ಟಾರ್-ಡಿ’ ಅಧ್ಯಯನ ಉಲ್ಲೇಖಾರ್ಹ. ಅದರ ಮೊದಲ ಹಂತದ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಸಿಟಲೋಪ್ರಾಮ್ ಔಷಧವನ್ನು ಪಡೆದ 2,876 ಹೊರರೋಗಿಗಳಲ್ಲಿ, ಹ್ಯಾಮಿಲ್ಟನ್ ಮಾಪನದ ಪ್ರಕಾರ, ಪೂರ್ಣ ಉಪಶಮನ ಹೊಂದಿದವರು ಸುಮಾರು ಶೇ. 28ರಷ್ಟು ಮಾತ್ರ. ಉದ್ಯೋಗಸ್ಥರು, ಹೆಚ್ಚಿನ ವಿದ್ಯಾಭ್ಯಾಸ ಅಥವಾ ಆದಾಯವುಳ್ಳವರು, ಮಹಿಳೆಯರು ಹಾಗೂ ಬಿಳಿಯ ಜನಾಂಗದವರಲ್ಲಿ ಈ ಪ್ರಮಾಣ ಅಧಿಕವಾಗಿತ್ತು. ಖಿನ್ನತೆ ದೀರ್ಘಕಾಲ ಮುಂದುವರಿದವರಲ್ಲಿ, ಅದರ ಜೊತೆಗೆ ಆತಂಕದ ಕಾಯಿಲೆ, ಮಾದಕ ವ್ಯಸನ ಅಥವಾ ಅನೇಕ ದೈಹಿಕ ಕಾಯಿಲೆಗಳಿದ್ದವರಲ್ಲಿ ಕಡಿಮೆಯಾಗಿತ್ತು.

ಆದರೆ ಈ ಅಂಶಗಳನ್ನು ಅರ್ಥೈಸುವಾಗ ಎಚ್ಚರ ಅಗತ್ಯ. ಈ ಹಂತದಲ್ಲಿ ಎಲ್ಲರಿಗೂ ಔಷಧವನ್ನೇ ನೀಡಲಾಗಿತ್ತು. ಹೋಲಿಕೆಗಾಗಿ ಔಷಧಾಂಶವಿಲ್ಲದ ಹುಸಿಗುಳಿಗೆ ಪಡೆದ ಗುಂಪು ಇರಲಿಲ್ಲ. ಉದ್ಯೋಗವುಳ್ಳವರು ಔಷಧವಿಲ್ಲದೆಯೂ ಬೇಗ ಚೇತರಿಸಿಕೊಳ್ಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಚೇತರಿಕೆಯನ್ನು ಸೂಚಿಸುವ ಅಂಶ ಬೇರೆ, ಔಷಧದ ಪರಿಣಾಮವನ್ನೇ ಹೆಚ್ಚಿಸುವ ಅಥವಾ ಕುಗ್ಗಿಸುವ ಅಂಶ ಬೇರೆ.

ಎರಡನೆಯ ಬಗೆಯ ಅಂಶವನ್ನು ಗುರುತಿಸಲು ಹೋಲಿಕೆ ಬೇಕು. ಆರು ಪ್ರಯೋಗಗಳ 718 ರೋಗಿಗಳ ಮಾಹಿತಿಯನ್ನಾಧರಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಸೌಮ್ಯ ಖಿನ್ನತೆಯಲ್ಲಿ ಔಷಧಕ್ಕೂ ಹುಸಿಗುಳಿಗೆಗೂ ಅಂತರ ಅತ್ಯಲ್ಪವಾಗಿದ್ದು, ಅತಿ ತೀವ್ರ ಖಿನ್ನತೆಯಲ್ಲಿ ಗಣನೀಯವಾಗಿತ್ತು. ದೀರ್ಘಕಾಲಿಕ ಖಿನ್ನತೆಯ 681 ರೋಗಿಗಳನ್ನು ಕುರಿತ 2003ರ ವರದಿಯಂತೆ, ಬಾಲ್ಯದಲ್ಲಿ ಹೆತ್ತವರನ್ನು ಕಳೆದುಕೊಂಡವರು ಹಾಗೂ ದೌರ್ಜನ್ಯ, ನಿರ್ಲಕ್ಷ್ಯಗಳಿಗೆ ಒಳಗಾದವರಲ್ಲಿ ಔಷಧವೊಂದನ್ನೇ ನೀಡುವುದಕ್ಕಿಂತ ಮನೋಚಿಕಿತ್ಸೆ ಹೆಚ್ಚು ಫಲಕಾರಿಯಾಗಿತ್ತು.

ದೇಹಪ್ರಕೃತಿಯೂ ಇಲ್ಲಿ ಗಣನೀಯ. ಸಿಟಲೋಪ್ರಾಮನ್ನು ವಿಘಟಿಸುವಲ್ಲಿ ಸಿವೈಪಿ2ಸಿ19 ಎಂಬ ಯಕೃತ್ತಿನ ಕಿಣ್ವಕ್ಕೆ ಪ್ರಮುಖ ಪಾತ್ರವಿದೆ. ಆನುವಂಶಿಕ ಕಾರಣದಿಂದ ಈ ಕಿಣ್ವ ದುರ್ಬಲವಾಗಿದ್ದವರ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಇದರಿಂದ ಹೃದಯದ ಲಯ ಏರುಪೇರಾಗುವ ಅಪಾಯವಿರುವುದರಿಂದ, ಇಂಥವರಿಗೂ 60 ವರ್ಷ ಮೀರಿದವರಿಗೂ ದಿನಕ್ಕೆ 20 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಸೂಚಿಸಿತು.

ಮೇಲಿನ ಅಂಶಗಳೆಲ್ಲವೂ ಗುಂಪುಗಳನ್ನು ಕುರಿತವು. ಅವುಗಳಲ್ಲಿ ಯಾವುದೊಂದರಿಂದಲೂ ನಿರ್ದಿಷ್ಟ ವ್ಯಕ್ತಿಯೊಬ್ಬನ ಚೇತರಿಕೆಯನ್ನು ಖಚಿತವಾಗಿ ಮುನ್ಸೂಚಿಸಲಾಗದು. ಬಡತನ, ನಿರುದ್ಯೋಗ ಅಥವಾ ಬಾಲ್ಯದ ಆಘಾತವನ್ನು ರೋಗಿಯ ದೋಷವೆಂದು ಭಾವಿಸುವುದಾಗಲಿ, ಆ ಕಾರಣಕ್ಕಾಗಿ ಚಿಕಿತ್ಸೆಯ ಭರವಸೆಯನ್ನು ಕೈಬಿಡುವುದಾಗಲಿ ಸಲ್ಲದು. ಅಂಥವರಿಗೆ ಶೀಘ್ರ ಚಿಕಿತ್ಸೆ, ನಿಕಟ ಮೇಲ್ವಿಚಾರಣೆ, ಜೊತೆಗಿರುವ ಕಾಯಿಲೆಗಳ ಉಪಚಾರ ಹಾಗೂ ಮನೋಚಿಕಿತ್ಸೆಯ ಅಗತ್ಯ ಹೆಚ್ಚೆಂಬುದನ್ನೇ ಈ ಸಂಶೋಧನೆಗಳು ಸೂಚಿಸುತ್ತವೆ.